ಕನ್ನಡಿಯಲ್ಲಿ ಕಾಣದವನ ಭಾವಚಿತ್ರ

ಭಾವಚಿತ್ರ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಮನೆಯ ಗೋಡೆಗೆ ಕಟ್ಟುಹಾಕಿಸಿ ತೂಗಿಸಿದ ಹಿರಿಯರ ಚಿತ್ರ. ಅದರ ಕೆಲಸ ಸ್ಪಷ್ಟ. ಇಂಥವರೊಬ್ಬರು ಇದ್ದರು, ನಮ್ಮವರಾಗಿದ್ದರು, ಅವರ ಮೂಗು ಹೀಗಿತ್ತು, ಹಣೆ ಹೀಗಿತ್ತು ಎಂದು ಮುಂದಿನವರಿಗೆ ತಿಳಿಸುವುದು. ಎಂದೂ ಇರದಿದ್ದವನ, ಅದೂ ಜನರನ್ನು ಹೆದರಿಸುವುದಕ್ಕೆಂದೇ ಹುಟ್ಟಿಸಿದ ಪಾತ್ರವೊಂದರ ಭಾವಚಿತ್ರವನ್ನು ಯಾರಾದರೂ ಮಾಡಿದರೆ ಅದು ಏನನ್ನು ತಿಳಿಸುತ್ತದೆ? ಯಾರನ್ನು ನೆನಪಿಗೆ ತರುತ್ತದೆ?

ಈ ಪ್ರಶ್ನೆ ನಮ್ಮಲ್ಲಿ ಎದ್ದದ್ದು ಅಮೆರಿಕೆಯ ಆಂಡಿ ವಾರ್ಹಾಲ್ 1963ರಲ್ಲಿ ಮಾಡಿದ ‘ದಿ ಕಿಸ್ (ಬೇಲಾ ಲುಗೋಸಿ)’ ಎಂಬ ಚಿತ್ರವನ್ನು ಪುಸ್ತಕದ ಅಚ್ಚಿನಲ್ಲಿ ನೋಡಿದಾಗ. ಮೂಲವನ್ನು ನಾವು ಕಂಡಿಲ್ಲ. ಆದರೆ ಈ ಚಿತ್ರದ ಮಟ್ಟಿಗೆ ಅದೊಂದು ದೊಡ್ಡ ಕೊರತೆಯಲ್ಲ. ಏಕೆಂದರೆ ಇದರ ಮೂಲವೇ ಒಂದು ಅಚ್ಚು. ಆ ಅಚ್ಚಿನ ಮೂಲ ಒಂದು ಛಾಯಾಚಿತ್ರ. ಆ ಛಾಯಾಚಿತ್ರದ ಮೂಲ ಒಂದು ಚಲನಚಿತ್ರ. ಚಲನಚಿತ್ರದ ಹಿಂದೆ ನಾಟಕ, ನಾಟಕದ ಹಿಂದೆ ಕಾದಂಬರಿ. ನಕಲಿನ ನಕಲಿಗೆ ‘ಮೂಲ ಪ್ರತಿಯಂತಿದೆ’ ಎಂದು ಮೊಹರು ಒತ್ತಿಸಿ ಕಳಿಸುವ ಕಛೇರಿಯ ನಮ್ಮಂಥವರಿಗೆ ಈ ಸರಣಿಯ ರುಚಿ ಬೇಗ ಹತ್ತುತ್ತದೆ.

ಚಿತ್ರದಲ್ಲಿರುವುದು ಇಷ್ಟೇ. ಬಿಳಿಯ ಕಾಗದದ ಮೇಲೆ ಕಪ್ಪು ಶಾಯಿ. ಹೆಣ್ಣೊಬ್ಬಳು ಕೊರಳು ಚಾಚಿ ಹಿಂದಕ್ಕೆ ಒರಗಿದ್ದಾಳೆ. ಗಂಡಸೊಬ್ಬನ ಮುಖ ಆ ಕೊರಳಿನ ಕಡೆಗೆ ಬಾಗಿದೆ. ಮೇಲುನೋಟಕ್ಕೆ ಪ್ರೇಮದೃಶ್ಯ. ಎರಡನೆಯ ನೋಟಕ್ಕೆ ಮೈ ಜುಮ್ಮೆನ್ನುತ್ತದೆ. ಗಂಡಸು ಡ್ರಾಕುಲಾ, ಅವನು ಬಾಗಿರುವುದು ಮುತ್ತಿಡುವುದಕ್ಕಲ್ಲ, ರಕ್ತ ಹೀರುವುದಕ್ಕೆ.

ಚಿತ್ರದ ಪೂರ್ವಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿ ಬಂದದ್ದು 1897ರಲ್ಲಿ. ಜರ್ಮನಿಯ ಮುರ್ನೌ 1922ರಲ್ಲಿ ಅದರ ಹಕ್ಕು ಪಡೆಯದೆಯೇ ‘ನೊಸ್ಫೆರಾಟು’ ತೆಗೆದ. ಸ್ಟೋಕರ್‌ನ ವಿಧವೆ ನ್ಯಾಯಾಲಯಕ್ಕೆ ಹೋದಳು, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆಜ್ಞೆಯಾಯಿತು; ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. ಸತ್ತರೂ ಸಾಯದವನ ಕಥೆಗೆ ತಕ್ಕ ಹಣೆಬರಹ! ನ್ಯೂಯಾರ್ಕಿನ ರಂಗಭೂಮಿಗೆ ಡ್ರಾಕುಲಾ ಬಂದದ್ದು 1927ರಲ್ಲಿ. ಪಾತ್ರಧಾರಿ ಬೇಲಾ ಲುಗೋಸಿ. ಯೂನಿವರ್ಸಲ್ ಸಂಸ್ಥೆಗಾಗಿ ಟಾಡ್ ಬ್ರೌನಿಂಗ್ ನಿರ್ದೇಶಿಸಿದ ಚಲನಚಿತ್ರ 1931ರಲ್ಲಿ ತೆರೆಗೆ ಬಂತು. ಅದರಲ್ಲೂ ಲುಗೋಸಿಯೇ ಡ್ರಾಕುಲಾ, ಹೆಲೆನ್ ಚಾಂಡ್ಲರ್ ಮೀನಾ. ವಾರ್ಹಾಲ್‌ನ ಚಿತ್ರದಲ್ಲಿರುವುದು ಇವರಿಬ್ಬರ ಮುಖಗಳು.

ಆ ಚಲನಚಿತ್ರವನ್ನು ಇಂದು ನೋಡುವವರು ಒಂದು ವಿಷಯ ಗಮನಿಸಿಯಾರು. ಅದರಲ್ಲಿ ಡ್ರಾಕುಲಾನ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ. ಕಚ್ಚುವುದೂ ಕಾಣುವುದಿಲ್ಲ. ಅವನು ಬಾಗುತ್ತಾನೆ, ದೃಶ್ಯ ಮುಗಿಯುತ್ತದೆ. ಭಯವೆಲ್ಲ ಇರುವುದು ಕಣ್ಣಿನಲ್ಲಿ. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಸಣ್ಣ ಬೆಳಕಿನ ಕಿಂಡಿಗಳಿಂದ ಲುಗೋಸಿಯ ಕಣ್ಣಿಗೆ ಮಾತ್ರ ಬೆಳಕು ಬೀಳಿಸಿ, ಮುಖದ ಉಳಿದ ಭಾಗವನ್ನು ಕತ್ತಲೆಗೆ ಬಿಟ್ಟುಕೊಟ್ಟ. 1957ರಲ್ಲಿ ಈ ಹಳೆಯ ಭಯದ ಚಿತ್ರಗಳನ್ನು ಒಟ್ಟಾಗಿ ಕಟ್ಟಿ ಅಮೆರಿಕೆಯ ಟೆಲಿವಿಷನ್ ಕೇಂದ್ರಗಳಿಗೆ ಮಾರಲಾಯಿತು. ರಾತ್ರಿ ಊಟವಾದ ಮೇಲೆ ಮನೆಯ ಪಡಸಾಲೆಯಲ್ಲಿ ಡ್ರಾಕುಲಾ ಬಂದು ಕೂತ. ಹೆದರಿದವರ ಮಕ್ಕಳು ಅವನನ್ನು ಕಂಡು ನಕ್ಕರು. ವಾರ್ಹಾಲ್ ಚಿತ್ರ ಮಾಡುವ ಹೊತ್ತಿಗೆ ಡ್ರಾಕುಲಾ ಭಯದ ವಸ್ತುವಾಗಿರಲಿಲ್ಲ. ಸಾಬೂನು, ಸಾರಿನ ಡಬ್ಬಿಗಳಂತೆ ಪರಿಚಯದ ಸರಕಾಗಿದ್ದ.

ಪಾಪ್ ಕಲೆ ಕೈಹಾಕುವುದು ಇಂಥ ಸರಕಿಗೇ. 1962ರಲ್ಲಿ ವಾರ್ಹಾಲ್ ಕ್ಯಾಂಪ್‌ಬೆಲ್ ಕಂಪನಿಯ ಸಾರಿನ ಡಬ್ಬಿಗಳನ್ನು 32 ಕ್ಯಾನ್ವಾಸುಗಳಲ್ಲಿ ಬರೆದು ಪ್ರದರ್ಶನಕ್ಕಿಟ್ಟ. ಅದೇ ವರ್ಷದ ಆಗಸ್ಟಿನಲ್ಲಿ ಮರ್ಲಿನ್ ಮನ್ರೋ ಸತ್ತಳು. ‘ನಯಾಗರಾ’ ಚಿತ್ರದ ಪ್ರಚಾರಕ್ಕಾಗಿ ತೆಗೆದಿದ್ದ ಆಕೆಯ ಛಾಯಾಚಿತ್ರವನ್ನು ಅವನು ಒಂದೇ ಕೃತಿಯಲ್ಲಿ 50 ಸಲ ಅಚ್ಚೊತ್ತಿದ: 25 ಬಣ್ಣದಲ್ಲಿ, 25 ಕಪ್ಪು ಬಿಳುಪಿನಲ್ಲಿ. ಕಪ್ಪು ಬಿಳುಪಿನ ಸಾಲುಗಳಲ್ಲಿ ಆ ಮುಖ ಒಂದು ಕಡೆ ಮಸಿ ಹೆಚ್ಚಾಗಿ ಮುಚ್ಚಿಹೋಗುತ್ತದೆ, ಇನ್ನೊಂದು ಕಡೆ ಮಸಿ ಕಡಿಮೆಯಾಗಿ ಮಾಸಿಹೋಗುತ್ತದೆ. ಹಿಂದೆ ಕಛೇರಿಗಳಲ್ಲಿದ್ದ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸುತ್ತೋಲೆ ತೆಗೆದ ಹಿರಿಯರಿಗೆ ಈ ಅನುಭವ ಗೊತ್ತು. ಮೊದಲ ಪ್ರತಿ ಕೈಗೆ ಮೆತ್ತಿಕೊಳ್ಳುತ್ತಿತ್ತು, ಕೊನೆಯ ಪ್ರತಿಯನ್ನು ಊಹಿಸಿ ಓದಬೇಕಾಗುತ್ತಿತ್ತು. ಆ ದೋಷವನ್ನೇ ವಾರ್ಹಾಲ್ ತನ್ನ ಮಾತಾಗಿಸಿಕೊಂಡ.

ಅವನ ವಿಧಾನವನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಲೇಸು, ಏಕೆಂದರೆ ಈ ಚಿತ್ರದ ಅರ್ಥ ಅಡಗಿರುವುದು ಅದರ ತಯಾರಿಯಲ್ಲಿ. ನಮ್ಮ ಮದುವೆಯ ಕರೆಯೋಲೆಗಳನ್ನು ಅಚ್ಚುಹಾಕುವ ಸ್ಕ್ರೀನ್ ಪ್ರಿಂಟಿಂಗ್ ಇದಕ್ಕಿಂತ ಬೇರೆಯಲ್ಲ. ಚೌಕಟ್ಟಿಗೆ ತೆಳ್ಳನೆಯ ಜಾಲರಿ ಬಟ್ಟೆ ಬಿಗಿಯುತ್ತಾರೆ. ಅದಕ್ಕೆ ಬೆಳಕು ತಗಲಿದರೆ ಗಟ್ಟಿಯಾಗುವ ಅಂಟುಲೇಪನ ಬಳಿಯುತ್ತಾರೆ. ಅದರ ಮೇಲೆ ಚಿತ್ರದ ಪಾರದರ್ಶಕ ಪ್ರತಿಯನ್ನಿಟ್ಟು ಬೆಳಕು ಹಾಯಿಸುತ್ತಾರೆ. ಚಿತ್ರದ ಬೆಳ್ಳಗಿನ ಭಾಗದಲ್ಲಿ ಬೆಳಕು ನುಗ್ಗಿ ಲೇಪನ ಗಟ್ಟಿಯಾಗುತ್ತದೆ. ಕಪ್ಪಿನ ಭಾಗದಲ್ಲಿ ಬೆಳಕು ತಡೆದು ಲೇಪನ ಮೆತ್ತಗೇ ಉಳಿಯುತ್ತದೆ. ನೀರಿನಲ್ಲಿ ತೊಳೆದಾಗ ಹರಿದುಹೋಗುತ್ತದೆ. ಆಮೇಲೆ ಮಸಿ ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ, ತೊಳೆದುಹೋದ ರಂಧ್ರಗಳಿಂದ ಮಾತ್ರ ಮಸಿ ಇಳಿಯುತ್ತದೆ.

ವಿಜ್ಞಾನ ಓದಿದವರಿಗೆ ಇದು ಸಾಮಾನ್ಯ ಸಂಗತಿ. ಆದರೆ ಡ್ರಾಕುಲಾನ ವಿಷಯದಲ್ಲಿ ಇದು ಸಾಮಾನ್ಯವಾಗಿ ಉಳಿಯುವುದಿಲ್ಲ. ಕಾಗದದ ಮೇಲೆ ಅವನ ದೇಹವಾಗಿ ನಿಂತಿರುವ ಕಪ್ಪು, ತಯಾರಿಯ ಕಾಲದಲ್ಲಿ ಎಲ್ಲೆಲ್ಲಿ ಬೆಳಕು ಮುಟ್ಟಲಿಲ್ಲವೋ ಅಲ್ಲೇ ಇಳಿದದ್ದು. ಬೆಳಕು ಸೋಕದ ಸ್ಥಳವೇ ಅವನ ಆಕಾರ. ಸ್ಟೋಕರನ ಡ್ರಾಕುಲಾ ಕನ್ನಡಿಯಲ್ಲಿ ಕಾಣುವುದಿಲ್ಲ. 1931ರ ಚಿತ್ರದಲ್ಲಿ ಪ್ರೊಫೆಸರ್ ವಾನ್ ಹೆಲ್ಸಿಂಗ್ ಅವನ ಗುಟ್ಟು ರಟ್ಟು ಮಾಡುವುದು ಸಿಗರೇಟಿನ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಪುಟ್ಟ ಕನ್ನಡಿಯಿಂದ. ಎಲ್ಲರ ಬಿಂಬವಿದೆ, ಇವನದಿಲ್ಲ. ಬಿಂಬವಿಲ್ಲದವನನ್ನು ಕ್ಯಾಮೆರಾ ಹಿಡಿದದ್ದು ಹೇಗೆ ಎಂಬ ತರ್ಕವನ್ನು ಸಿನೆಮಾ ನೋಡುವಾಗ ನಾವು ಕೇಳುವುದಿಲ್ಲ. ವಾರ್ಹಾಲ್‌ನ ಚಿತ್ರ ಕೇಳಿಸುತ್ತದೆ. ಕನ್ನಡಿಯಲ್ಲಿ ಒಂದು ಸಲವೂ ಕಾಣದವನು ಅಚ್ಚಿನಲ್ಲಿ ಎಷ್ಟು ಸಲ ಬೇಕಾದರೂ ಕಾಣಬಲ್ಲ!

ಈ ಚಿತ್ರಕ್ಕೆ ಅತಿವಾಸ್ತವದ ಸ್ಪರ್ಶ ಬಂದಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆ ಹೊರಡಿಸಿದ ಅತಿವಾಸ್ತವವಾದಿಗಳು ಕನಸಿನಿಂದ ವಿಚಿತ್ರವನ್ನು ತಂದರು. 1929ರಲ್ಲಿ ಬುನ್ಯುಯೆಲ್ ಮತ್ತು ಡಾಲಿ ಕೂಡಿ ತೆಗೆದ ಚಿತ್ರದಲ್ಲಿ ಕ್ಷೌರದ ಕತ್ತಿ ಕಣ್ಣನ್ನು ಸೀಳುವುದನ್ನು ನೋಡಿದವರು ಮರೆಯಲಾರರು. ವಾರ್ಹಾಲ್ ಹಾಗೆ ಏನನ್ನೂ ಕಲ್ಪಿಸುವುದಿಲ್ಲ. ಇದ್ದುದನ್ನು ಇದ್ದಲ್ಲಿಂದ ಕಿತ್ತು ಒಂಟಿಯಾಗಿ ನಿಲ್ಲಿಸುತ್ತಾನೆ, ಅಷ್ಟೆ. ಸಿನೆಮಾದಲ್ಲಿ ಈ ಬಾಗುವಿಕೆಗೆ ಹಿಂದುಮುಂದು ಉಂಟು. ಹಿಂದೆ ಭಯವಿದೆ, ಮುಂದೆ ಬಿಡುಗಡೆಯಿದೆ. ಕೊನೆಗೆ ಡ್ರಾಕುಲಾ ಸಾಯುತ್ತಾನೆ, ಮೀನಾ ಉಳಿಯುತ್ತಾಳೆ. ಚಿತ್ರದಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಸಿನೆಮಾ ಯಾವುದನ್ನು ತೋರಿಸದೆ ಪರದೆ ಎಳೆಯಿತೋ ಅದರ ಹೊಸ್ತಿಲಲ್ಲಿ ಇಬ್ಬರೂ ಸಿಕ್ಕಿಬಿದ್ದಿದ್ದಾರೆ. ಅವಳಿಗೆ ಬಿಡುಗಡೆಯಿಲ್ಲ, ಅವನಿಗೆ ತೃಪ್ತಿಯಿಲ್ಲ.

ನಮ್ಮ ಅಲಂಕಾರಶಾಸ್ತ್ರದ ಅಳತೆಗೋಲನ್ನು ಇಲ್ಲಿ ತರುವುದು ಅನುಚಿತವಾಗಲಾರದು. ಶೃಂಗಾರ, ಬೀಭತ್ಸ ಇವು ಒಂದಕ್ಕೊಂದು ವಿರೋಧಿ ರಸಗಳು. ಒಂದೇ ಆಶ್ರಯದಲ್ಲಿ ಎರಡನ್ನೂ ಇಟ್ಟರೆ ರಸಭಂಗವಾಗುತ್ತದೆ ಎಂದು ನಮ್ಮ ಆಲಂಕಾರಿಕರು ಎಚ್ಚರಿಸಿದ್ದಾರೆ. ವಾರ್ಹಾಲ್ ಬೇಕೆಂದೇ ರಸಭಂಗ ಮಾಡುತ್ತಾನೆ. ‘ಮುತ್ತು’ ಎಂದು ಹೆಸರಿಟ್ಟು ಶೃಂಗಾರದ ನಿರೀಕ್ಷೆ ಹುಟ್ಟಿಸಿ, ನೋಡುವವನ ಕಣ್ಣು ಕೊರಳಿಗೆ ಇಳಿದಾಗ ಜುಗುಪ್ಸೆಯನ್ನು ಎದುರಿಗಿಡುತ್ತಾನೆ. ಭರತನು ಭಯಾನಕಕ್ಕೆ ಹೇಳಿದ ಬಣ್ಣ ಕಪ್ಪು. ತಲೆಗೂದಲಿನಿಂದ ತುಟಿಯವರೆಗೆ ಬಣ್ಣಬಣ್ಣವಾಗಿ ಮೆರೆಸಿದ ಮರ್ಲಿನ್‌ಳ ಪಕ್ಕದಲ್ಲಿ ಈ ಚಿತ್ರವನ್ನು ಕಪ್ಪಿನಲ್ಲೇ ಬಿಟ್ಟದ್ದು ಭರತನನ್ನು ಓದಿ ಮಾಡಿದ್ದೇನಲ್ಲ. ಆದರೂ ಔಚಿತ್ಯ ತಾನಾಗಿ ಕೂಡಿಬಂದಿದೆ. ಅಚ್ಚಿನಲ್ಲಿ ನಡುಬಣ್ಣಗಳು ಸೋರಿಹೋಗುತ್ತವೆ. ಕೆನ್ನೆಯ ಮೃದುತ್ವ, ರೆಪ್ಪೆಯ ನೆರಳು ಉಳಿಯುವುದಿಲ್ಲ. ಕಪ್ಪು ಅಥವಾ ಬಿಳುಪು, ಎರಡೇ. ಜೀವಂತ ಮುಖಗಳು ಮುಖವಾಡಗಳಾಗುತ್ತವೆ. ಹೀಗೆ ರಕ್ತ ಹೀರುವ ಕೆಲಸವನ್ನು ಡ್ರಾಕುಲಾ ಅವಳಿಗೆ ಮಾಡುವ ಮೊದಲೇ ಯಂತ್ರ ಇಬ್ಬರಿಗೂ ಮಾಡಿ ಮುಗಿಸಿದೆ.

ಇನ್ನು ಚಿತ್ರದ ಶೀರ್ಷಿಕೆಯ ವಿಚಾರ. ಕಂಸದಲ್ಲಿರುವುದು ಡ್ರಾಕುಲಾನ ಹೆಸರಲ್ಲ, ನಟನ ಹೆಸರು. ಇದರಿಂದಾಗಿ ಭೂತದ ಚಿತ್ರ ಮನುಷ್ಯನ ಭಾವಚಿತ್ರವಾಗುತ್ತದೆ. ಹಾಗಾದರೆ ಈ ಮನುಷ್ಯ ಯಾರು? ಹುಟ್ಟಿದಾಗ ಅವನ ಹೆಸರು ಬೇಲಾ ಬ್ಲಾಸ್ಕೋ. ಹುಟ್ಟಿದ್ದು 1882ರಲ್ಲಿ, ಆಗ ಹಂಗೆರಿಯಲ್ಲಿದ್ದು ಈಗ ರುಮೇನಿಯಾಕ್ಕೆ ಸೇರಿರುವ ಲುಗೋಸ್ ಎಂಬ ಊರಿನಲ್ಲಿ. ನಟನಾದ ಮೇಲೆ ಊರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ಲುಗೋಸಿ ಎಂದರೆ ಲುಗೋಸ್ ಊರಿನವನು. ಹೆಸರಿನ ಮೊದಲಕ್ಷರದಲ್ಲಿ ಊರನ್ನು ಹೊತ್ತು ತಿರುಗುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1919ರಲ್ಲಿ ಹಂಗೆರಿಯ ನಟರ ಸಂಘ ಕಟ್ಟುವುದರಲ್ಲಿ ತೊಡಗಿದ್ದ ಅವನು, ಸರಕಾರ ಬದಲಾದಾಗ ದೇಶ ಬಿಡಬೇಕಾಯಿತು. ಜರ್ಮನಿಯ ಮೂಲಕ ಹಾಯ್ದು 1920ರ ಕೊನೆಗೆ ಅಮೆರಿಕೆ ಸೇರಿದ. ಅವನ ಇಂಗ್ಲಿಷಿನಲ್ಲಿ ಹಂಗೆರಿಯನ್ ಭಾಷೆಯ ಲಯ ಕೊನೆಯವರೆಗೂ ಹೋಗಲಿಲ್ಲ. ಆ ಎಳೆದೆಳೆದು ಆಡುವ ಮಾತೇ ಜನರಿಗೆ ಡ್ರಾಕುಲಾನ ಮಾತಾಯಿತು. ಪರಊರಿನವನ ಉಚ್ಚಾರವೇ ಪಿಶಾಚಿಯ ಲಕ್ಷಣವಾಯಿತು.

ಮುಂಬಯಿಯಂಥ ನಗರದಲ್ಲಿ ಬದುಕು ಕಟ್ಟಿಕೊಂಡವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಉಚ್ಚಾರ ಈ ನಗರದ ಸಿನೆಮಾದಲ್ಲಿ ಏನಾಯಿತೆಂಬುದು ನಮಗೆ ಗೊತ್ತೇ ಇದೆ. 1968ರ ‘ಪಡೋಸನ್’ನಲ್ಲಿ ಮೆಹಮೂದ್ ವಹಿಸಿದ ದಕ್ಷಿಣದ ಸಂಗೀತ ಮೇಷ್ಟರನ್ನು ಕಂಡು ದೇಶವೇ ನಕ್ಕಿತು, ನಾವೂ ನಕ್ಕೆವು. ಹೊರಗಿನವನ ಮಾತು ಒಂದು ಕಡೆ ಹಾಸ್ಯಕ್ಕೆ ಸಲ್ಲುತ್ತದೆ, ಇನ್ನೊಂದು ಕಡೆ ಭಯಕ್ಕೆ ಸಲ್ಲುತ್ತದೆ. ಎರಡು ಕಡೆಯೂ ಅದು ಸಾಮಾನ್ಯ ಮನುಷ್ಯನ ಸಾಮಾನ್ಯ ಮಾತಾಗಿ ಸಲ್ಲುವುದಿಲ್ಲ. ಸ್ಟೋಕರನ ಕಾದಂಬರಿಯನ್ನು ಈ ದೃಷ್ಟಿಯಿಂದ ಓದಿದರೆ ಅಲ್ಲಿರುವ ಡ್ರಾಕುಲಾ ಕೂಡ ವಲಸೆಗಾರನೇ. ಪುಸ್ತಕಗಳಿಂದ ಇಂಗ್ಲಿಷ್ ಕಲಿತಿದ್ದಾನೆ. ಲಂಡನ್ನಿನ ಬೀದಿಯಲ್ಲಿ ತನ್ನ ಮಾತು ಕೇಳಿ ಯಾರೂ ತನ್ನನ್ನು ಪರಕೀಯನೆಂದು ಗುರುತಿಸಬಾರದು ಎಂಬುದು ಅವನ ಆಸೆ. ಹಡಗಿನಲ್ಲಿ ಹೊರಡುವಾಗ ಅವನು ತರುವುದು ತನ್ನ ನಾಡಿನ ಮಣ್ಣು ತುಂಬಿದ 50 ಪೆಟ್ಟಿಗೆಗಳನ್ನು. ಆ ಮಣ್ಣಿನಲ್ಲಿ ಮಲಗಿದರೆ ಮಾತ್ರ ಅವನಿಗೆ ವಿಶ್ರಾಂತಿ. ಊರಿಂದ ಬರುವಾಗ ಹಪ್ಪಳ ಸಂಡಿಗೆ, ಕುಚ್ಚಲಕ್ಕಿ, ಜೋಳದ ಹಿಟ್ಟು ಕಟ್ಟಿ ತರುವ ನಮಗೆ ಈ ಪೆಟ್ಟಿಗೆಗಳು ನಗು ತರಿಸಬಹುದು. ಆದರೆ ಆ ಕಾಲದ ಲಂಡನ್ನಿಗೆ ಇದು ನಗುವ ವಿಷಯವಾಗಿರಲಿಲ್ಲ. ಪೂರ್ವದಿಂದ ಬರುವವನು ತನ್ನ ಮಣ್ಣನ್ನೂ ತಂದು ನಮ್ಮ ನೆಲದಲ್ಲಿ ನೆಲಸುತ್ತಾನೆ ಎಂಬ ಹೆದರಿಕೆ ಆ ಕಥೆಯ ಬೆನ್ನೆಲುಬು.

ವಾರ್ಹಾಲ್ ಇದನ್ನು ತಿಳಿದಿದ್ದನೆ? ಅವನ ತಂದೆತಾಯಿಗಳು ಕಾರ್ಪೇಥಿಯನ್ ಬೆಟ್ಟಗಳ ಸೀಮೆಯ ಮಿಕೋವಾ ಎಂಬ ಹಳ್ಳಿಯವರು. ಅದು ಇಂದಿನ ಸ್ಲೊವಾಕಿಯಾದಲ್ಲಿದೆ. ಡ್ರಾಕುಲಾನ ಕಾಲ್ಪನಿಕ ಕೋಟೆಯಿರುವುದೂ ಅದೇ ಬೆಟ್ಟಸಾಲಿನಲ್ಲಿ. ವಾರ್ಹಾಲ್ 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ, ಕೂಲಿ ಕುಟುಂಬದ ಮಗ. ಮನೆಮಾತು ಇಂಗ್ಲಿಷಲ್ಲ. ಮನೆತನದ ಹೆಸರು ವಾರ್ಹೋಲಾ; ಕೊನೆಯ ಸ್ವರವನ್ನು ನ್ಯೂಯಾರ್ಕಿನಲ್ಲಿ ಕಳಚಿಟ್ಟ. ಬಾಲ್ಯದಲ್ಲಿ ಅವನು ಹೋಗುತ್ತಿದ್ದ ಇಗರ್ಜಿಯಲ್ಲಿ ಸಂತರ ಚಿತ್ರಗಳು ಸಾಲುಸಾಲಾಗಿ ಇದ್ದವು, ಒಂದೇ ಭಂಗಿ, ಒಂದೇ ನೋಟ. ಮರ್ಲಿನ್‌ಳ ಸಾಲುಗಳಲ್ಲಿ ಆ ಗೋಡೆಯ ನೆನಪಿದೆ ಎಂದು ಹಲವರು ಹೇಳಿದ್ದಾರೆ, ಅದು ಒಪ್ಪತಕ್ಕ ಮಾತು. ಅವನ ಗೆಳೆಯರ ಬಳಗದಲ್ಲಿ ಅವನಿಗಿದ್ದ ಅಡ್ಡಹೆಸರು ‘ಡ್ರೆಲ್ಲಾ’; ಡ್ರಾಕುಲಾ ಮತ್ತು ಸಿಂಡರೆಲ್ಲಾ ಎರಡನ್ನೂ ಕಲಸಿ ಮಾಡಿದ್ದು. ಹೀಗಿರುವಾಗ ‘ದಿ ಕಿಸ್’ ಚಿತ್ರದಲ್ಲಿ ಅಡಗಿರುವ ಮೂರನೆಯ ಮುಖ ಚಿತ್ರಕಾರನದೇ ಎಂದರೆ ಅತಿಶಯೋಕ್ತಿಯಾಗಲಾರದು. ಅದೇ ಬೆಟ್ಟಸೀಮೆಯ ಹಿನ್ನೆಲೆಯವನು, ಹೆಸರು ತಿದ್ದಿಕೊಂಡವನು, ಇತರರ ಮುಖಗಳಿಂದ ಬದುಕಿದವನು.

ಇತರರ ಮುಖಗಳಿಂದ ಬದುಕುವುದು ಎಂಬ ಮಾತನ್ನು ನಾವು ಹಗುರಾಗಿ ಆಡಿಲ್ಲ. ಒಂದು ಮುಖ ಯಾರ ಸೊತ್ತು? ಲುಗೋಸಿಯ ಪ್ರಕರಣದಲ್ಲಿ ಈ ಪ್ರಶ್ನೆ ನಿಜಕ್ಕೂ ನ್ಯಾಯಾಲಯದ ಮೆಟ್ಟಲೇರಿತು. ಡ್ರಾಕುಲಾ ಪಾತ್ರ ಲುಗೋಸಿಗೆ ಕೀರ್ತಿ ಕೊಟ್ಟಿತು, ಬೇರೆ ಪಾತ್ರಗಳ ಬಾಗಿಲು ಮುಚ್ಚಿತು. 1955ರಲ್ಲಿ ಅವನು ಮಾದಕವಸ್ತುವಿನ ಚಟ ಬಿಡಿಸಿಕೊಳ್ಳಲು ತಾನಾಗಿಯೇ ಆಸ್ಪತ್ರೆ ಸೇರಿದ. 1956ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವನನ್ನು ಹೂತದ್ದು ಡ್ರಾಕುಲಾನ ನಿಲುವಂಗಿಯಲ್ಲಿ. ಅವನು ಹೋದ ಮೇಲೆ, 1960ರಿಂದ, ಯೂನಿವರ್ಸಲ್ ಸಂಸ್ಥೆ ಅವನ ಮುಖದ ಡ್ರಾಕುಲಾನನ್ನು ಆಟಿಕೆ, ಟೀ ಶರ್ಟು, ಸಾಬೂನು, ಗಾಳಿಪಟಗಳ ಮೇಲೆ ಹಾಕಿಕೊಳ್ಳಲು ವ್ಯಾಪಾರಿಗಳಿಗೆ ಪರವಾನಗಿ ಕೊಡುತ್ತ ಬಂತು. ಲುಗೋಸಿಯ ವಿಧವೆ ಮತ್ತು ಮಗ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ 1972ರಲ್ಲಿ ಅವರ ಕಡೆಗೆ ತೀರ್ಪು ಕೊಟ್ಟಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತನ್ನ ಮುಖವನ್ನು ವ್ಯಾಪಾರಕ್ಕೆ ಬಳಸುವ ಹಕ್ಕು ಅವನದೇ ಸ್ವಂತ, ಬದುಕಿದ್ದಾಗ ಚಲಾಯಿಸದಿದ್ದರೆ ವಾರಸುದಾರರಿಗೆ ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಆಮೇಲೆ 1984ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿ ವಾರಸುದಾರರಿಗೆ ಆ ಹಕ್ಕು ಕೊಟ್ಟಿತು.

ವಾರ್ಹಾಲ್‌ನ ಚಿತ್ರ ಬಂದದ್ದು ಈ ಗಾಳಿಪಟ ಸಾಬೂನುಗಳ ವರ್ಷಗಳಲ್ಲಿಯೇ. ಅವನೂ ಸತ್ತ ನಟನ ಮುಖವನ್ನು ಅಚ್ಚೊತ್ತಿದವರಲ್ಲಿ ಒಬ್ಬ. ಹಾಗಾದರೆ ವ್ಯಾಪಾರಿಗೂ ಅವನಿಗೂ ಏನು ಅಂತರ? ಅವನ ಅಭಿಮಾನಿಗಳು, ವ್ಯಾಪಾರಿ ಮುಖವನ್ನು ಬಳಸುತ್ತಾನೆ, ವಾರ್ಹಾಲ್ ಆ ಬಳಕೆಯನ್ನೇ ನಮಗೆ ತೋರಿಸುತ್ತಾನೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಟೀ ಶರ್ಟಿನ ಡ್ರಾಕುಲಾ ನಟನ ಹೆಸರು ಹೇಳುವುದಿಲ್ಲ. ವಾರ್ಹಾಲ್‌ನ ಶೀರ್ಷಿಕೆ ಹೇಳುತ್ತದೆ. ಯಂತ್ರ ಹೀರಿದ ಮುಖಕ್ಕೆ ಅದರ ಒಡೆಯನ ಹೆಸರನ್ನು ಮರಳಿ ಕೊಡುತ್ತದೆ. ಆ ಮಟ್ಟಿಗೆ ಇದು ನಿಜವಾದ ಭಾವಚಿತ್ರ.

ಆದರೆ ಅರ್ಧ ಭಾವಚಿತ್ರ. ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಚಿತ್ರದಲ್ಲಿ ಮುಖಗಳು ಎರಡು, ಕಂಸದಲ್ಲಿ ಹೆಸರು ಒಂದೇ. ಹೆಲೆನ್ ಚಾಂಡ್ಲರ್ ಎಲ್ಲಿ? ಆಕೆ 1906ರಲ್ಲಿ ಹುಟ್ಟಿದವಳು. ರಂಗಭೂಮಿಯಲ್ಲಿ ಹೆಸರು ಮಾಡಿದ ನಟಿ. ಮದ್ಯದ ಚಟದಿಂದ ವೃತ್ತಿ ಕುಸಿಯಿತು. 1950ರಲ್ಲಿ ಬೆಂಕಿಯ ಅನಾಹುತಕ್ಕೆ ಸಿಕ್ಕಿ ತೀವ್ರವಾಗಿ ಸುಟ್ಟುಕೊಂಡಳು. 1965ರಲ್ಲಿ ತೀರಿಕೊಂಡಳು. ಎಂದರೆ 1963ರಲ್ಲಿ ವಾರ್ಹಾಲ್ ಈ ಚಿತ್ರವನ್ನು ಅಚ್ಚೊತ್ತಿದಾಗ ಲುಗೋಸಿ ಸತ್ತು ಏಳು ವರ್ಷವಾಗಿತ್ತು, ಹೆಲೆನ್ ಇನ್ನೂ ಬದುಕಿದ್ದಳು. ಸತ್ತವನಿಗೆ ಹೆಸರು ಸಿಕ್ಕಿತು, ಬದುಕಿದ್ದವಳಿಗೆ ಸಿಗಲಿಲ್ಲ. ಸಿನೆಮಾದ ಡ್ರಾಕುಲಾ ಆಕೆಯ ಪಾತ್ರದಿಂದ ಹೀರಿಕೊಂಡದ್ದನ್ನು ಕಥೆ ಕೊನೆಗೆ ಹಿಂದಿರುಗಿಸುತ್ತದೆ. ಶೀರ್ಷಿಕೆ ಹೀರಿಕೊಂಡದ್ದು ಹಿಂದಿರುಗಲಿಲ್ಲ.

ಅಂದಿನ ಕಾಲಧರ್ಮ ಹಾಗಿತ್ತು, ನಕ್ಷತ್ರನ ಹೆಸರು ಮಾತ್ರ ಹೇಳುತ್ತಿದ್ದರು ಎಂದು ಸಮಾಧಾನ ಹೇಳಬಹುದು. ನಮಗೆ ಆ ಸಮಾಧಾನ ಸಾಲದು. ಬೀಳುವವಳ ಹೆಸರನ್ನು ಬಿಟ್ಟು ಬೀಳಿಸುವವನ ಹೆಸರನ್ನು ಮಾತ್ರ ಹೇಳುವ ಚಿತ್ರ, ಭಯವನ್ನು ನೋಡುವವರ ವಿನೋದವನ್ನಾಗಿ ಮಾಡುವ ಸಿನೆಮಾ ಉದ್ಯಮದ ಹಾದಿಯಲ್ಲೇ ನಡೆದಂತಾಯಿತು. ಛಾಯಾಚಿತ್ರ ತೆಗೆದವನ ಹೆಸರೂ ಅಲ್ಲಿಲ್ಲ. ಇದು ಕೇವಲ ಸೌಜನ್ಯದ ಮಾತಲ್ಲ ಎಂಬುದನ್ನು ಕಾಲವೇ ತೋರಿಸಿತು. ಸಂಗೀತಗಾರ ಪ್ರಿನ್ಸ್‌ನ ಛಾಯಾಚಿತ್ರವನ್ನು ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದಿದ್ದಳು. ವಾರ್ಹಾಲ್ ಅದರಿಂದ ಚಿತ್ರಗಳನ್ನು ಮಾಡಿದ. ಅವುಗಳಲ್ಲೊಂದನ್ನು 2016ರಲ್ಲಿ, ಪ್ರಿನ್ಸ್ ತೀರಿಕೊಂಡಾಗ, ಪತ್ರಿಕೆಯೊಂದು ಮುಖಪುಟಕ್ಕೆ ಹಾಕಿತು. ವ್ಯಾಜ್ಯ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2023ರಲ್ಲಿ ಏಳು ಜನ ನ್ಯಾಯಮೂರ್ತಿಗಳು ಛಾಯಾಗ್ರಾಹಕಿಯ ಪರವಾಗಿ, ಇಬ್ಬರು ವಿರುದ್ಧವಾಗಿ ಅಭಿಪ್ರಾಯ ಕೊಟ್ಟರು. ವಾರ್ಹಾಲ್ 1987ರಲ್ಲೇ ತೀರಿಕೊಂಡಿದ್ದ. ಅಷ್ಟರಲ್ಲಿ 1964ರ ಒಂದು ಮರ್ಲಿನ್ ಚಿತ್ರ 2022ರಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹರಾಜಾಗಿತ್ತು. ಲುಗೋಸಿಗೆ ಡ್ರಾಕುಲಾ ಪಾತ್ರಕ್ಕೆ ಸಂದದ್ದು 3,500 ಡಾಲರು.

ನಕಲು ಮಾಡಿದ ಮಾತ್ರಕ್ಕೆ ಮುಖದ ಜೀವ ಸೋರಿಹೋಗಲೇಬೇಕೆಂಬ ನಿಯಮವೇನೂ ಇಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದ. ಮುಂದೆ ಅದು ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ದೇಶದ ಮನೆಮನೆಯ ದೇವರ ಗೂಡು ಸೇರಿದರು. ಸಾವಿರಾರು ಪ್ರತಿಗಳಲ್ಲಿ ಒಂದಾದರೂ ಆ ಲಕ್ಷ್ಮಿಗೆ ಹಚ್ಚಿದ ಕುಂಕುಮ ಅವಳಿಗೇ ಸಂದಿತು. ಪ್ರತಿಯಾದ್ದರಿಂದ ದೈವ ಕಡಿಮೆಯಾಗಲಿಲ್ಲ. ನೋಡುವವನ ಭಕ್ತಿ ಪ್ರತಿಯೊಂದು ಪ್ರತಿಗೂ ಪ್ರಾಣ ತುಂಬಿತು. ಅಮೆರಿಕೆಯ ಮಾರುಕಟ್ಟೆಯಲ್ಲಿ ಪ್ರತಿಗೆ ಪ್ರಾಣ ತುಂಬುವವರು ಇರಲಿಲ್ಲ, ಕೊಳ್ಳುವವರಿದ್ದರು. ವಾರ್ಹಾಲ್ ಆ ಪ್ರಾಣವಿಲ್ಲದಿರುವಿಕೆಯನ್ನು ಮುಚ್ಚಿಡದೆ ಕಾಣಿಸಿದ. ಅವನ ದೊಡ್ಡತನ ಅದು. ಅದಕ್ಕೆ ಪರಿಹಾರ ಅವನಲ್ಲಿರಲಿಲ್ಲ, ಇದೆಯೆಂದು ನಟಿಸಲೂ ಇಲ್ಲ.

ಅವನು ಡ್ರಾಕುಲಾನನ್ನು ಮತ್ತೆಯೂ ಕೈಗೆತ್ತಿಕೊಂಡದ್ದುಂಟು. 1981ರಲ್ಲಿ ‘ಮಿಥ್ಸ್’ ಎಂಬ ಹತ್ತು ಅಚ್ಚುಗಳ ಮಾಲಿಕೆಯಲ್ಲಿ ಸೂಪರ್‌ಮ್ಯಾನ್, ಮಿಕ್ಕಿ ಮೌಸ್, ಸಾಂತಾ ಕ್ಲಾಸ್‌ರ ಜೊತೆ ಡ್ರಾಕುಲಾನೂ ಇದ್ದಾನೆ. ಹತ್ತರಲ್ಲಿ ಒಂದು ವಾರ್ಹಾಲ್‌ನ ಸ್ವಂತ ಮುಖ. ಅಲ್ಲಿಯ ಡ್ರಾಕುಲಾ ಒಂಟಿ. ಕೊರಳಿಲ್ಲ, ಹೆಣ್ಣಿಲ್ಲ, ನಟನ ಹೆಸರಿಲ್ಲ. ಕತ್ತಲೆಯಿಂದ ಹೊರಡುವ ಮುಖ ಸೊಗಸಾಗಿದೆ, ಬೆಲೆಬಾಳುತ್ತದೆ. ಆದರೆ ಅದು ಗುರುತಿನ ಚೀಟಿಯ ಮೇಲಿನ ಫೋಟೋದಂತೆ. ಇಂಥವನು ಇವನು ಎಂದು ಹೇಳಿ ಸುಮ್ಮನಾಗುತ್ತದೆ. 1963ರ ಚಿತ್ರ ಸುಮ್ಮನಾಗುವುದಿಲ್ಲ. ಅದರಲ್ಲಿ ಇಬ್ಬರು ಮನುಷ್ಯರಿದ್ದಾರೆ, ಇಬ್ಬರ ನಡುವೆ ಇನ್ನೂ ಮುಗಿಯದ ಒಂದು ಅಂಗುಲವಿದೆ.

ಆದ್ದರಿಂದ ಈ ಚಿತ್ರವನ್ನು ಎಲ್ಲಿಯಾದರೂ, ಪುಸ್ತಕದಲ್ಲೋ ಪ್ರದರ್ಶನದಲ್ಲೋ, ಕಂಡ ಓದುಗರು ಡ್ರಾಕುಲಾನನ್ನು ಗುರುತಿಸಿ ನಕ್ಕು ಮುಂದೆ ಹೋಗಬಾರದೆಂದು ನಮ್ಮ ವಿನಂತಿ. ಮೊದಲು ಬಾಗಿದವನನ್ನು ನೋಡಿರಿ. ಅವನು ಲುಗೋಸ್ ಎಂಬ ಊರು ಬಿಟ್ಟು, ತನ್ನ ಉಚ್ಚಾರದಿಂದಲೇ ಹೊಟ್ಟೆ ಹೊರೆದು, ಆ ಉಚ್ಚಾರಕ್ಕೇ ಬಲಿಯಾದ ಒಬ್ಬ ನಟ. ಆಮೇಲೆ ಕೊರಳು ಚಾಚಿದವಳನ್ನು ನೋಡಿ, ಕಂಸದಲ್ಲಿ ಬಿಟ್ಟುಹೋದ ಹೆಲೆನ್ ಚಾಂಡ್ಲರ್ ಎಂಬ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿರಿ. ವಾರ್ಹಾಲ್ ಪೂರ್ತಿ ಮಾಡದ ಭಾವಚಿತ್ರವನ್ನು ನೋಡುವವರು ಇಷ್ಟಾದರೂ ಪೂರ್ತಿ ಮಾಡಬಹುದು.